ಲೀಡ್‌ಗಾಗಿ ಅಲೆಯುವ ಮುನ್ನ ಬೇಡಿಕೆ ಹುಟ್ಟಿಸುವ ಬಗೆ

ವ್ಯಾಪಾರಸ್ಥರ ನಡುವೆ 'ಲೀಡ್' ಎಂಬ ಮಾತು ಈಗ ಬಹಳ ಸಡಿಲವಾಗಿ ಬಳಕೆಯಾಗುತ್ತಿದೆ. ಎಲ್ಲಿಂದಲೋ ಸಿಕ್ಕ ಐನೂರು ಫೋನ್ ನಂಬರುಗಳ ಪಟ್ಟಿಯನ್ನೂ ಲೀಡ್ ಎನ್ನುತ್ತಾರೆ. ತಾವಾಗಿಯೇ ಕರೆ ಮಾಡಿ 'ಸ್ಯಾಂಪಲ್ ಕಳಿಸಿ, ಮುಂದಿನ ತಿಂಗಳು ತೀರ್ಮಾನಿಸುತ್ತೇವೆ' ಎಂದವರನ್ನೂ ಲೀಡ್ ಎನ್ನುತ್ತಾರೆ. ಈ ಲೇಖನದಲ್ಲಿ ಎರಡನೆಯ ಬಗೆಯವರಿಗೆ ಮಾತ್ರ ಆ ಹೆಸರು: ತನಗೊಂದು ತೊಂದರೆಯಿದೆ ಎಂದು ಒಪ್ಪಿಕೊಂಡು, ಅದಕ್ಕೆ ನಿಮ್ಮಲ್ಲಿ ಪರಿಹಾರ ಇರಬಹುದೆಂದು ಒಂದು ಹೆಜ್ಜೆ ಮುಂದೆ ಬಂದ ವ್ಯಕ್ತಿ ಅಥವಾ ಸಂಸ್ಥೆ. ಅಂಥವರು ತಾವಾಗಿ ಬರಲೆಂದು ಕಾಯುತ್ತ ಕುಳಿತರೆ, ಅದೇ ಮಾಲು ಮಾರುವ ಇತರರೂ ಅದೇ ಬಾಗಿಲಲ್ಲಿ ನಿಂತಿರುತ್ತಾರೆ ಮತ್ತು ಮಾತುಕತೆ ದರದ ಜಗ್ಗಾಟಕ್ಕೆ ಇಳಿಯುತ್ತದೆ.

ಕಾಯುವುದರಲ್ಲಿ ಎಷ್ಟು ಕೈತಪ್ಪುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಆಸ್ಟ್ರೇಲಿಯಾದ ಎರೆನ್‌ಬರ್ಗ್-ಬಾಸ್ ಸಂಸ್ಥೆಯ ಪ್ರಾಧ್ಯಾಪಕ ಜಾನ್ ಡಾವ್ಸ್ 2021ರಲ್ಲಿ ಮುಂದಿಟ್ಟ ಈ ಲೆಕ್ಕದ ಪ್ರಕಾರ, ಕಂಪನಿಗಳು ಒಂದು ಸೇವೆಯ ಪೂರೈಕೆದಾರರನ್ನು ಸುಮಾರು 5 ವರ್ಷಕ್ಕೊಮ್ಮೆ ಬದಲಿಸುತ್ತವೆ ಎಂದಾದರೆ, ಒಂದು ವರ್ಷದಲ್ಲಿ ನೂರಕ್ಕೆ 20 ಮಂದಿ, 3 ತಿಂಗಳಲ್ಲಿ ನೂರಕ್ಕೆ 5 ಮಂದಿ ಮಾತ್ರ ಕೊಳ್ಳುವ ಯೋಚನೆಯಲ್ಲಿರುತ್ತಾರೆ. ಇದು ಎಲ್ಲ ವ್ಯವಹಾರಕ್ಕೂ ಇದ್ದ ಹಾಗೆಯೇ ಹೊಂದುವ ಅಳತೆಯಲ್ಲ. ಆದರೆ ಆ 5 ಮಂದಿಯ ಹಿಂದೆ ಎಲ್ಲರೂ ಬಿದ್ದಿರುವಾಗ ಉಳಿದ 95 ಮಂದಿಯ ಜೊತೆ ಮಾತನಾಡುವವರು ಯಾರೂ ಇಲ್ಲ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆ 95 ಮಂದಿಯಲ್ಲಿ ಕೆಲವರಿಗಾದರೂ ತಮ್ಮ ಕೆಲಸದಲ್ಲಿ ಏನೋ ಬದಲಾಗಿದೆ, ಹಳೆಯ ರೀತಿ ಇನ್ನು ಸಾಲದು ಎಂಬುದನ್ನು ಮನಗಾಣಿಸುವುದೇ ಇಲ್ಲಿ ಹೇಳಹೊರಟಿರುವ ಕೆಲಸ.

ಮೊದಲು, ಗ್ರಾಹಕರ ಕೆಲಸದ ಮೇಜಿನ ಬಳಿ ನಿಲ್ಲಿ

ಹೊಸ ಅವಕಾಶ ಬೇಕೆಂದಾಗ ಬಹಳ ಮಂದಿ ಮಾರುಕಟ್ಟೆ ವರದಿಗಳನ್ನು ತೆರೆಯುತ್ತಾರೆ. ಅದಕ್ಕಿಂತ ಹತ್ತಿರದ, ಖರ್ಚಿಲ್ಲದ ಎರಡು ಮೂಲಗಳಿವೆ. ಒಂದು, ನೀವು ಈಗಾಗಲೇ 'ನಮ್ಮಲ್ಲಿ ಅದಿಲ್ಲ' ಎಂದು ಹೇಳಿ ಕಳಿಸಿದ ವಿಚಾರಣೆಗಳು. ಇವು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಫೋನ್ ಎತ್ತಿದವರ ನೆನಪಿನಲ್ಲಿ ಎರಡು ದಿನವಿದ್ದು ಮರೆಯಾಗುತ್ತವೆ. ಫೋನಿನ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿಟ್ಟು, ಯಾರು ಏನು ಕೇಳಿದರು, ಯಾವ ಕೆಲಸಕ್ಕೆ ಕೇಳಿದರು ಎಂದು 3 ತಿಂಗಳು ತಪ್ಪದೆ ಬರೆದಿಟ್ಟರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಮರುಕಳಿಸುವುದು ಕಾಣತೊಡಗುತ್ತದೆ.

ಎರಡನೆಯ ಮೂಲ ಇನ್ನೂ ಸಮೃದ್ಧವಾದದ್ದು: ನಿಮ್ಮ ಮಾಲು ಬಳಕೆಯಾಗುವ ಜಾಗದಲ್ಲಿ ನಿಂತು ನೋಡುವುದು. ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೇಖನದ ಕೊನೆಯವರೆಗೂ ಇದೇ ಘಟಕ ನಮ್ಮ ಜೊತೆಗಿರುತ್ತದೆ. ಯಂತ್ರಗಳ ಬಿಡಿಭಾಗಗಳನ್ನು ಕಳಿಸುವವರು ಅದರ ಗ್ರಾಹಕರು. ಅವರ ಖರೀದಿ ವಿಭಾಗದವರನ್ನು ಕೇಳಿದರೆ, 'ಪೆಟ್ಟಿಗೆ ಚೆನ್ನಾಗಿದೆ, ದರ ಸ್ವಲ್ಪ ನೋಡಿ' ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ ಗ್ರಾಹಕರ ಪ್ಯಾಕಿಂಗ್ ಮೇಜಿನ ಪಕ್ಕ ಅರ್ಧ ದಿನ ನಿಂತರೆ ಬೇರೆಯದೇ ಕಾಣುತ್ತದೆ. ಕೆಲಸಗಾರರು ದೊಡ್ಡ ಪೆಟ್ಟಿಗೆಯೊಂದನ್ನು ತೆಗೆದು, ನಾಲ್ಕೂ ಮೂಲೆಗಳನ್ನು ಬ್ಲೇಡಿನಿಂದ ಸೀಳಿ, ಅಂಚುಗಳನ್ನು ಒಳಕ್ಕೆ ಮಡಚಿ ಎತ್ತರವನ್ನು ಅರ್ಧಕ್ಕಿಳಿಸುತ್ತಾರೆ, ಅದರ ಮೇಲೆ ಎರಡು ಸುತ್ತು ಟೇಪು ಬಿಗಿಯುತ್ತಾರೆ, ಉಳಿದ ಸಂದಿಗೆ ಹಳೆಯ ಕಾಗದ ತುರುಕುತ್ತಾರೆ. ಬ್ಲೇಡು ಹಿಡಿದ ಕೈಯ ಹೆಬ್ಬೆರಳಿಗೆ ಅದೇ ಟೇಪಿನ ಒಂದು ತುಂಡು ಸುತ್ತಿರುತ್ತದೆ. ಇದನ್ನು ಯಾರೂ ತೊಂದರೆಯೆಂದು ಹೇಳಿಕೊಳ್ಳುವುದಿಲ್ಲ, ಏಕೆಂದರೆ ಅದು ದಿನನಿತ್ಯದ ಕೆಲಸದೊಳಗೆ ಕರಗಿಹೋಗಿದೆ. ಹೊಸ ಬೇಡಿಕೆಯ ಮೊಳಕೆ ಇರುವುದು ಇಂಥ ಕಡೆಯೇ.

ಹೀಗೆ ನೋಡಲು ಹೋದಾಗ ಏನನ್ನು ಗಮನಿಸಬೇಕು? ಕಂಪ್ಯೂಟರ್ ಇದ್ದೂ ಪಕ್ಕದಲ್ಲಿ ಬೇರೆಯಾಗಿ ಬರೆದಿಡುವ ರಿಜಿಸ್ಟರು, ಯಂತ್ರದ ಮೇಲೆ ಕೈಬರಹದಲ್ಲಿ ಅಂಟಿಸಿದ ಚೀಟಿ, ಒಂದೇ ಅಂಕಿಯನ್ನು ಎರಡು ಕಡೆ ನಮೂದಿಸುವ ಗುಮಾಸ್ತರು, 'ಅದು ಅವರೊಬ್ಬರಿಗೇ ಗೊತ್ತು, ಅವರು ರಜೆಯಲ್ಲಿದ್ದಾರೆ' ಎಂಬ ಮಾತು. ಇವೆಲ್ಲವೂ ಇರುವ ವ್ಯವಸ್ಥೆ ಸಾಲದೆ ಜನರು ತಾವೇ ಹಾಕಿಕೊಂಡ ತೇಪೆಗಳು. ಐದಾರು ಗ್ರಾಹಕರಲ್ಲಿ ಅನುಮತಿ ಕೇಳಿ ಹೋಗಿ, ಮತ್ತು ಆ ದಿನ ಏನನ್ನೂ ಮಾರಬೇಡಿ. ಕೇಳುವ ಪ್ರಶ್ನೆಯ ರೀತಿಯೂ ಮುಖ್ಯ. 'ಇಂಥದ್ದೊಂದು ಮಾಡಿಕೊಟ್ಟರೆ ತೆಗೆದುಕೊಳ್ಳುತ್ತೀರಾ?' ಎಂದು ಕೇಳಿದರೆ ದಾಕ್ಷಿಣ್ಯಕ್ಕೆ 'ಓಹೋ, ಖಂಡಿತ' ಎನ್ನುತ್ತಾರೆ. ಆ ಉತ್ತರವನ್ನು ನಂಬಿ ಅಚ್ಚು ಮಾಡಿಸಿ ಕೈಸುಟ್ಟುಕೊಂಡವರು ಕಡಿಮೆಯೇನಿಲ್ಲ. ಅದರ ಬದಲು 'ಕಳೆದ ಸಲ ಅಳತೆ ಹೊಂದದಿದ್ದಾಗ ಏನು ಮಾಡಿದಿರಿ? ಎಷ್ಟು ಹೊತ್ತು ಹಿಡಿಯಿತು?' ಎಂದು ನಡೆದುಹೋದ ಸಂಗತಿಯನ್ನು ಕೇಳಿ. ನಡೆದದ್ದರ ಬಗ್ಗೆ ಜನ ಸತ್ಯವನ್ನೇ ಹೇಳುತ್ತಾರೆ.

'ಈಗಲೇ ಏಕೆ?' ಎಂಬುದಕ್ಕೆ ಉತ್ತರ ಹುಡುಕಿ

ತೇಪೆ ಕಂಡ ಮಾತ್ರಕ್ಕೆ ಬೇಡಿಕೆ ಹುಟ್ಟುವುದಿಲ್ಲ. ಅಷ್ಟು ಕಾಲ ಸಹಿಸಿಕೊಂಡವರು ಇನ್ನಷ್ಟು ಕಾಲ ಸಹಿಸಬಲ್ಲರು. ಅವರು ಎದ್ದು ನಿಲ್ಲಬೇಕಾದರೆ ಹೊರಗಿನಿಂದ ಒಂದು ಬದಲಾವಣೆಯ ಒತ್ತಡ ಬರಬೇಕು. ಉದಾಹರಣೆಗೆ, 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ ಬಿಲ್ ಹಾಕಲಾಯಿತು. ಬಾರ್‌ಕೋಡ್ ಹರಡುತ್ತ ಹೋದಂತೆ ಅದರ ಬೇಡಿಕೆ ಅಂಗಡಿಯ ಕೌಂಟರಿನಲ್ಲಿ ನಿಲ್ಲಲಿಲ್ಲ: ಪೊಟ್ಟಣಗಳ ವಿನ್ಯಾಸ ಬದಲಾಗಬೇಕಾಯಿತು, ಸ್ಪಷ್ಟವಾದ ಗೆರೆಗಳನ್ನು ಮುದ್ರಿಸುವವರು ಬೇಕಾದರು, ಲೇಬಲ್ ಪ್ರಿಂಟರುಗಳು, ಸ್ಕ್ಯಾನರುಗಳು, ಸ್ಟಾಕ್ ಲೆಕ್ಕ ಇಡುವ ಕ್ರಮ ಎಲ್ಲವೂ ಹೊಸದಾಗಿ ಬೇಕಾದವು. ಮೂಲ ಬದಲಾವಣೆ ಬೇರೆ ಯಾರದೋ ಆಗಿದ್ದರೂ ಅದರ ಎರಡನೆಯ, ಮೂರನೆಯ ಅಲೆಯಲ್ಲಿ ಸಣ್ಣವರಿಗೂ ಜಾಗವಿರುತ್ತದೆ.

ಆದ್ದರಿಂದ ನಿಮ್ಮ ಗ್ರಾಹಕವರ್ಗವನ್ನು ಮುಂದಿನ ಒಂದು ವರ್ಷದಲ್ಲಿ ತಟ್ಟಲಿರುವ ಬದಲಾವಣೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಜಾರಿಗೆ ಬರಲಿರುವ ನಿಯಮ, ಅವರ ದೊಡ್ಡ ಖರೀದಿದಾರರು ಹಾಕಿದ ಹೊಸ ಷರತ್ತು, ಸಾಗಣೆ ದರದ ಲೆಕ್ಕಾಚಾರದಲ್ಲಾದ ವ್ಯತ್ಯಾಸ, ಹಳೆಯ ಯಂತ್ರಕ್ಕೆ ಬಿಡಿಭಾಗ ನಿಂತುಹೋಗುವುದು, ಹೊಸ ಶಾಖೆ ತೆರೆಯುವುದು, ಹೊಸ ಮ್ಯಾನೇಜರ್ ಬರುವುದು. ನಮ್ಮ ಪೆಟ್ಟಿಗೆಯ ಘಟಕಕ್ಕೆ ಇವುಗಳಲ್ಲಿ ಸಾಗಣೆಯ ದರವೇ ಕೀಲಿ. ಕೊರಿಯರ್ ಕಂಪನಿಗಳು ತೂಕವೊಂದನ್ನೇ ನೋಡದೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳ ಗುಣಲಬ್ಧವನ್ನು ಒಂದು ಗೊತ್ತುಪಡಿಸಿದ ಸಂಖ್ಯೆಯಿಂದ ಭಾಗಿಸಿ, ಬರುವ 'ಗಾತ್ರದ ತೂಕ' ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. ಲಾರಿಯಲ್ಲಿ ಮಾಲು ಕಳಿಸುತ್ತಿದ್ದ ಗ್ರಾಹಕರು ಬಿಡಿಬಿಡಿಯಾಗಿ ಕೊರಿಯರ್‌ನಲ್ಲಿ ಕಳಿಸಲು ಆರಂಭಿಸಿದ ದಿನವೇ ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೆ ಬೆಲೆ ಬಂತು. ನಿನ್ನೆಯವರೆಗೆ ಪರವಾಗಿಲ್ಲ ಎನ್ನಿಸಿದ್ದ ದೊಡ್ಡ ಪೆಟ್ಟಿಗೆ ಇಂದು ದಂಡದ ಚೀಟಿಯಾಗಿದೆ.

ತೊಂದರೆಯನ್ನು ಅಂಕಿಯಲ್ಲಿ ತೋರಿಸಿ

'ನಿಮ್ಮ ಪ್ಯಾಕಿಂಗ್ ದಕ್ಷವಾಗಿಲ್ಲ' ಎಂದರೆ ಗ್ರಾಹಕರಿಗೆ ಬೇಸರವಾಗುತ್ತದೆ, ಕೆಲಸವಾಗುವುದಿಲ್ಲ. ಅಂದು ಮೇಜಿನ ಬಳಿ ನಿಂತಾಗ ಎಣಿಸಿದ್ದನ್ನೇ ಮುಂದಿಡಿ. ಒಂದು ಪೆಟ್ಟಿಗೆ ಕತ್ತರಿಸಿ ಅಂಟಿಸಲು 6 ನಿಮಿಷ, ದಿನಕ್ಕೆ ಅಂಥ 40 ಪೆಟ್ಟಿಗೆ ಎಂದಾದರೆ ದಿನಕ್ಕೆ 240 ನಿಮಿಷ, ಅಂದರೆ 4 ಗಂಟೆ. ತಿಂಗಳಿಗೆ 25 ಕೆಲಸದ ದಿನವೆಂದರೆ 100 ಗಂಟೆ. ಖರೀದಿಯವರ ಪುಸ್ತಕದಲ್ಲಿ ಈ ನೂರು ಗಂಟೆಗೆ ಕಲಮೇ ಇಲ್ಲ. ಅವರು ಪೆಟ್ಟಿಗೆಯ ದರ ಮಾತ್ರ ನೋಡುತ್ತಾರೆ, ಆದ್ದರಿಂದ ಅಳತೆಗೆ ಸರಿಯಾಗಿ ಮಾಡಿದ ಪೆಟ್ಟಿಗೆ ಅವರಿಗೆ ದುಬಾರಿಯಾಗಿಯೇ ಕಾಣುತ್ತದೆ. ನೂರು ಗಂಟೆಯ ನೋವು ತಟ್ಟುವುದು ಮಾಲು ಕಳಿಸುವ ವಿಭಾಗದ ಮುಖ್ಯಸ್ಥರಿಗೆ, ಸಂಜೆಯ ಗಾಡಿ ತಪ್ಪಿದಾಗ ಬೈಗುಳ ತಿನ್ನುವವರಿಗೆ. ಲೆಕ್ಕದ ಹಾಳೆ ಮೊದಲು ಹೋಗಬೇಕಾದದ್ದು ಅವರ ಕೈಗೆ.

ಇಲ್ಲಿ ಒಂದು ಎಚ್ಚರಿಕೆ. ಅಂಕಿಗಳನ್ನು ಹಿಗ್ಗಿಸುವ ಆಸೆ ಯಾರಿಗಾದರೂ ಆಗುತ್ತದೆ. 6 ನಿಮಿಷವನ್ನು 8 ಎಂದು ಬರೆದರೆ ಯಾರು ಅಳೆಯುತ್ತಾರೆ ಎನ್ನಿಸುತ್ತದೆ. ಆದರೆ ಆ ಕೆಲಸವನ್ನು ದಿನವೂ ಮಾಡುವವರು ಅದೇ ಕೊಠಡಿಯಲ್ಲಿದ್ದಾರೆ, ಒಂದು ನಗೆಯಲ್ಲಿ ನಿಮ್ಮ ಇಡೀ ಹಾಳೆಯನ್ನು ಹಾರಿಸಿಬಿಡುತ್ತಾರೆ. ಲೆಕ್ಕವನ್ನು ತುಸು ಕಡಿಮೆಯೇ ಹಿಡಿದು, ಹೇಗೆ ಎಣಿಸಿದಿರಿ ಎಂಬುದನ್ನೂ ಕೆಳಗೆ ಬರೆದರೆ, ಅವರೇ ತಿದ್ದಿ ಹೆಚ್ಚಿಸುತ್ತಾರೆ. ತಾವೇ ತಿದ್ದಿದ ಲೆಕ್ಕವನ್ನು ಅವರು ತಮ್ಮ ಮೇಲಿನವರ ಮುಂದೆ ತಾವೇ ವಾದಿಸುತ್ತಾರೆ.

ಮೊದಲ ಹೆಜ್ಜೆ ಹಗುರವಾಗಿರಲಿ

ತೊಂದರೆ ಒಪ್ಪಿಕೊಂಡವರೂ ಹಿಂಜರಿಯುವುದು ಖರ್ಚಿಗಿಂತ ಹೆಚ್ಚಾಗಿ ತಪ್ಪು ನಿರ್ಧಾರದ ಭಯಕ್ಕೆ. ಜೆರಾಕ್ಸ್ ಕಂಪನಿ 1959ರಲ್ಲಿ ತನ್ನ 914 ಎಂಬ ನಕಲು ಯಂತ್ರವನ್ನು ಹೊರತಂದಾಗ ಇದೇ ಸಂಕಟ ಎದುರಾಗಿತ್ತು. ಯಂತ್ರ ಸುಮಾರು 290 ಕಿಲೋ ತೂಗುತ್ತಿತ್ತು, ಕೊಂಡುಕೊಳ್ಳಲು ಬಹಳ ದುಬಾರಿಯಾಗಿತ್ತು, ಅಷ್ಟೊಂದು ನಕಲು ತಮಗೆ ಬೇಕೆಂದು ಯಾವ ಕಚೇರಿಗೂ ಅನ್ನಿಸಿರಲಿಲ್ಲ. ಕಂಪನಿ ಅದನ್ನು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟು, ಮೊದಲ 2,000 ನಕಲುಗಳನ್ನು ಬಾಡಿಗೆಯಲ್ಲೇ ಸೇರಿಸಿತು; ಅದನ್ನು ದಾಟಿದ ಮೇಲಷ್ಟೇ ನಕಲಿಗೆ ಕೆಲವು ಸೆಂಟುಗಳ ಲೆಕ್ಕ. ಯಂತ್ರ ಕೈಗೆಟುಕಿದ ಮೇಲೆ ನಕಲು ತೆಗೆಯುವ ಅಭ್ಯಾಸ ತಾನೇ ಬೆಳೆಯಿತು. ಬೇಡಿಕೆ ಇದೆಯೇ ಎಂದು ಸಮೀಕ್ಷೆ ಮಾಡಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ.

ಪೆಟ್ಟಿಗೆಯ ಘಟಕ ಇದೇ ನಡೆಯನ್ನು ತನ್ನ ಅಳತೆಗೆ ಇಳಿಸಿಕೊಳ್ಳಬಹುದು: ಹೆಚ್ಚು ಹೋಗುವ ಎರಡು ಬಿಡಿಭಾಗಗಳನ್ನು ಮಾತ್ರ ಆರಿಸಿ, ತಾನೇ ಅಳತೆ ತೆಗೆದು, ಹತ್ತು ಹತ್ತು ಮಾದರಿ ಪೆಟ್ಟಿಗೆ ಮಾಡಿಕೊಟ್ಟು, ಒಂದು ದಿನದ ಪ್ಯಾಕಿಂಗ್ ಅದರಲ್ಲೇ ನಡೆಸಿ ನೋಡಲು ಕೇಳುವುದು. ಮಾದರಿ ಕೊಡುವಾಗ ಪ್ರತಿಯಾಗಿ ಒಂದನ್ನು ಪಡೆಯಿರಿ, ಹಣವಲ್ಲ, ಬದ್ಧತೆ: ಯಾವ ದಿನ ಪ್ರಯೋಗ, ಯಾರು ಸಮಯ ನೋಡುತ್ತಾರೆ, ಫಲಿತಾಂಶ ನೋಡಿ ಯಾರು ತೀರ್ಮಾನಿಸುತ್ತಾರೆ. ಈ ಮೂರಕ್ಕೂ ಉತ್ತರ ಸಿಗದ ಕಡೆ ಮಾದರಿ ಕೊಟ್ಟರೆ ಅದು ಮೂಲೆಯಲ್ಲಿ ದೂಳು ಹಿಡಿಯುತ್ತದೆ.

ಸುದ್ದಿ ಮುಟ್ಟಿಸುವ ದಾರಿ

ಒಬ್ಬ ಗ್ರಾಹಕರಲ್ಲಿ ಫಲ ಕಂಡ ಮೇಲೆ ಅದೇ ಬದಲಾವಣೆ ತಟ್ಟಿರುವ ಇತರರನ್ನು ಹುಡುಕಬೇಕು. ಪಟ್ಟಿ ಚಿಕ್ಕದಿರಲಿ, ಮೂವತ್ತು ಹೆಸರು ಸಾಕು, ಆದರೆ ಪ್ರತಿಯೊಂದು ಹೆಸರಿನ ಮುಂದೆ 'ಇವರಿಗೆ ಈಗಲೇ ಏಕೆ' ಎಂಬುದಕ್ಕೆ ಒಂದು ಸಾಲಿನ ಕಾರಣ ಇರಲೇಬೇಕು. ಕಾರಣ ಬರೆಯಲಾಗದ ಹೆಸರನ್ನು ಹೊಡೆದುಹಾಕಿ. ದುಡ್ಡು ಕೊಟ್ಟು ಕೊಂಡ ಸಾವಿರ ಹೆಸರಿನ ಪಟ್ಟಿ ಈ ಪರೀಕ್ಷೆಯಲ್ಲಿ ಒಂದೇ ಏಟಿಗೆ ಬಿದ್ದುಹೋಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಒಂದು ಕಾಸೂ ಹಾಕಬಾರದು. ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಖಾಸಗಿ ಮಾಹಿತಿ ಕಾನೂನಿನ ತೊಡಕನ್ನೂ ತರುತ್ತದೆ. ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದಂಥ ಕಟ್ಟಳೆಗಳು ಬೇರೆ ದೇಶಗಳಲ್ಲೂ ಬಂದಿವೆ. ಕರೆ ಅಥವಾ ಸಂದೇಶ ಕಳಿಸುವ ಮುನ್ನ ನಿಮಗೆ ಅನ್ವಯಿಸುವ ನಿಯಮವನ್ನು ಓದಿಕೊಳ್ಳಿ.

ಮುಟ್ಟಿಸುವ ಸುದ್ದಿಯಲ್ಲಿ ನಿಮ್ಮ ಮಾಲಿಗಿಂತ ಅವರ ಕೆಲಸಕ್ಕೆ ಉಪಯೋಗವಾಗುವ ವಿಷಯ ಹೆಚ್ಚಿರಲಿ. ಫ್ರಾನ್ಸಿನ ಮಿಶೆಲಿನ್ ಸಹೋದರರು ಟೈರ್ ಮಾರುವವರು. 1900ರಲ್ಲಿ ಆ ದೇಶದಲ್ಲಿ ಇದ್ದ ಕಾರುಗಳು 3,000ಕ್ಕೂ ಕಡಿಮೆ. ಅವರು ಟೈರಿನ ಗುಣಗಾನ ಮಾಡುತ್ತ ಕೂರಲಿಲ್ಲ. ನಕ್ಷೆಗಳು, ಪೆಟ್ರೋಲ್ ಸಿಗುವ ಜಾಗ, ಮೆಕ್ಯಾನಿಕ್‌ಗಳು, ಉಳಿದುಕೊಳ್ಳುವ ಹೋಟೆಲುಗಳು, ಟೈರ್ ಬದಲಿಸುವ ವಿಧಾನ ಎಲ್ಲವನ್ನೂ ಸೇರಿಸಿ ಜೇಬಿನಲ್ಲಿಡುವ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ, ಸುಮಾರು 35,000 ಪ್ರತಿಗಳನ್ನು ಪುಕ್ಕಟೆ ಹಂಚಿದರು. ಕಾರುಗಳಿಗಿಂತ ಹತ್ತು ಪಾಲಿಗೂ ಹೆಚ್ಚು ಪ್ರತಿ! ಜನ ದೂರ ಹೋಗಲು ಧೈರ್ಯ ಮಾಡಿದರೆ ಟೈರ್ ಸವೆಯುತ್ತದೆ ಎಂಬುದು ಅದರ ಹಿಂದಿದ್ದ ಲೆಕ್ಕ.

ನಮ್ಮ ಘಟಕಕ್ಕೆ ಅಷ್ಟು ದೊಡ್ಡ ಸಾಹಸ ಬೇಡ. 'ನಿಮ್ಮ ಪೆಟ್ಟಿಗೆಯ ಗಾತ್ರದ ತೂಕ ಲೆಕ್ಕ ಹಾಕುವುದು ಹೇಗೆ' ಎಂಬ ಒಂದು ಪುಟದ ಕೋಷ್ಟಕ ಸಾಕು. ಅಳತೆ ತುಂಬಿದರೆ ಎಷ್ಟು ಹೆಚ್ಚುವರಿ ಹಣ ಹೋಗುತ್ತಿದೆ ಎಂಬುದು ಗ್ರಾಹಕರ ಕೈಯಲ್ಲೇ ಮೂಡಬೇಕು. ಇದನ್ನು ಜಾಲತಾಣದಲ್ಲಿ ಹಾಕುವಾಗ ಗ್ರಾಹಕರು ಬಾಯಲ್ಲಿ ಆಡುವ ಮಾತನ್ನೇ ಶೀರ್ಷಿಕೆಯಾಗಿಡಿ. ಅವರು ಹುಡುಕುವುದು 'ಕೊರಿಯರ್ ಬಿಲ್ ಏಕೆ ಜಾಸ್ತಿ ಬರುತ್ತಿದೆ' ಎಂದು; 'ಸಮಗ್ರ ಪ್ಯಾಕೇಜಿಂಗ್ ಪರಿಹಾರ' ಎಂದು ಯಾರೂ ಹುಡುಕುವುದಿಲ್ಲ. ಹೆಸರು, ನಂಬರು ಪಡೆಯುವ ಫಾರಂ ಇಟ್ಟರೆ ಎರಡು ಮೂರು ಪ್ರಶ್ನೆಗೆ ನಿಲ್ಲಿಸಿ. ಇದಲ್ಲದೆ, ಅದೇ ಗ್ರಾಹಕರಿಗೆ ಬೇರೆ ಮಾಲು ಕೊಡುವವರು, ಅಂದರೆ ಟೇಪು ಮಾರುವವರು, ಕೊರಿಯರ್ ಏಜೆಂಟರು, ಲೇಬಲ್ ಮುದ್ರಕರು, ನಿಮಗಿಂತ ಮೊದಲೇ ಬದಲಾವಣೆಯ ವಾಸನೆ ಹಿಡಿದಿರುತ್ತಾರೆ. ಅವರೊಡನೆ ಪರಸ್ಪರ ಪರಿಚಯ ಮಾಡಿಸುವ ಒಪ್ಪಂದ ಯಾವ ಜಾಹೀರಾತಿಗಿಂತಲೂ ಅಗ್ಗ.

ವಿಚಾರಣೆ ಬಂದ ಗಳಿಗೆ

ನಾನು ಒಮ್ಮೆ ವಸ್ತುಪ್ರದರ್ಶನವೊಂದರಲ್ಲಿ ಮಳಿಗೆ ಹಾಕಿ ಮೂರು ದಿನದಲ್ಲಿ ಒಂದು ಡಬ್ಬಿ ತುಂಬ ವಿಸಿಟಿಂಗ್ ಕಾರ್ಡ್ ಕೂಡಿಸಿದ್ದೆ. ಬಾಕಿ ಕೆಲಸ ಮುಗಿಸಿ ಕರೆ ಮಾಡೋಣವೆಂದು ಎರಡು ವಾರ ಬಿಟ್ಟೆ. ಕರೆ ಮಾಡಿದಾಗ ಬಹಳ ಮಂದಿಗೆ ನನ್ನ ಮಳಿಗೆಯ ನೆನಪೇ ಇರಲಿಲ್ಲ. ನೆನಪಿದ್ದವರು ಬೇರೆಯವರಿಗೆ ಆರ್ಡರ್ ಕೊಟ್ಟಾಗಿತ್ತು. ಆ ಡಬ್ಬಿ ಇನ್ನೂ ಕಪಾಟಿನಲ್ಲಿದೆ.

ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 2,241 ಕಂಪನಿಗಳು ಆನ್‌ಲೈನ್ ವಿಚಾರಣೆಗೆ ಎಷ್ಟು ಬೇಗ ಉತ್ತರಿಸುತ್ತವೆ ಎಂದು ನೋಡಿತ್ತು. ಒಂದು ಗಂಟೆಯೊಳಗೆ ಉತ್ತರಿಸಿದವು ನೂರಕ್ಕೆ 37. ಉತ್ತರವನ್ನೇ ಕೊಡದವು ನೂರಕ್ಕೆ 23. ಗಂಟೆಯೊಳಗೆ ಸಂಪರ್ಕಿಸಲು ಯತ್ನಿಸಿದವರಿಗೆ ನಿರ್ಧಾರ ಕೈಗೊಳ್ಳುವವರೊಡನೆ ಅರ್ಥಪೂರ್ಣ ಮಾತುಕತೆ ದಕ್ಕುವ ಸಾಧ್ಯತೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು ಎಂಬುದು ಅದರ ತೀರ್ಮಾನ. ಆದ್ದರಿಂದ ಪ್ರಚಾರಕ್ಕೆ ಇಳಿಯುವ ಮೊದಲೇ ಮೂರು ಸಂಗತಿ ನಿಗದಿಯಾಗಿರಲಿ: ಫೋನು ಎತ್ತುವವರು ಯಾರು, ಅವರಿಲ್ಲದಾಗ ಯಾರು, ಕೊಟೇಶನ್ ಸಿದ್ಧವಿಲ್ಲದಿದ್ದರೂ ಮೊದಲ ಉತ್ತರವಾಗಿ ಏನು ಹೇಳಬೇಕು. 'ವಿಚಾರಣೆ ತಲುಪಿದೆ, ನಾಳೆ ಬೆಳಿಗ್ಗೆ 11ಕ್ಕೆ ಅಳತೆಯ ವಿವರ ಕೇಳಲು ಕರೆ ಮಾಡುತ್ತೇವೆ' ಎಂಬ ಒಂದು ಸಾಲು, ಮತ್ತು ಮರುದಿನ ಸರಿಯಾಗಿ 11ಕ್ಕೆ ಆ ಕರೆ.

ಜರಡಿ ಹಿಡಿಯುವಾಗ ಹಣದ ಪ್ರಶ್ನೆ ಕೊನೆಗೆ

ಲೀಡ್‌ಗಳನ್ನು ಸೋಸಲು ಐಬಿಎಂ ಕಂಪನಿಯಲ್ಲಿ ರೂಢಿಗೆ ಬಂದು ಎಲ್ಲೆಡೆ ಹರಡಿದ ನಾಲ್ಕು ಪ್ರಶ್ನೆಗಳಿವೆ: ಹಣ ತೆಗೆದಿಟ್ಟಿದ್ದಾರೆಯೇ, ಮಾತನಾಡುತ್ತಿರುವವರಿಗೆ ಅಧಿಕಾರ ಇದೆಯೇ, ಅಗತ್ಯ ಇದೆಯೇ, ಯಾವಾಗ ಬೇಕು. ಇರುವ ಬೇಡಿಕೆಯನ್ನು ಹಿಡಿಯುವವರಿಗೆ ಈ ಕ್ರಮ ಸರಿ. ಹೊಸದಾಗಿ ಹುಟ್ಟಿಸಿದ ಬೇಡಿಕೆಗೆ ಇದನ್ನು ಹಾಗೆಯೇ ಹಚ್ಚಿದರೆ ಒಳ್ಳೆಯ ಲೀಡ್‌ಗಳೆಲ್ಲ ಜರಡಿಯ ಕೆಳಗೆ ಬೀಳುತ್ತವೆ, ಏಕೆಂದರೆ ನಿನ್ನೆಯವರೆಗೆ ತೊಂದರೆಯೆಂದೇ ತಿಳಿಯದಿದ್ದ ಸಂಗತಿಗೆ ಯಾರೂ ಹಣ ತೆಗೆದಿಟ್ಟಿರುವುದಿಲ್ಲ. ಕ್ರಮವನ್ನು ತಿರುವಿ ಹಾಕಿ. ಅಗತ್ಯವನ್ನು ಮೊದಲು ಕೇಳಿ, ಕಾಲವನ್ನು ಆಮೇಲೆ, ಅಧಿಕಾರ ಯಾರದೆಂಬುದನ್ನು ಪ್ರಯೋಗದ ದಿನ ಗೊತ್ತುಮಾಡುವಾಗ ತಿಳಿಯಿರಿ. ಹಣದ ಮಾತು ನೂರು ಗಂಟೆಯ ಹಾಳೆ ಅವರ ಮೇಜಿನ ಮೇಲಿದ್ದಾಗ ಬರಲಿ. ಯಾವ ಖರ್ಚಿನಿಂದ ಉಳಿಸಿ ಯಾವುದಕ್ಕೆ ಕೊಡಬೇಕೆಂದು ಅವರೇ ದಾರಿ ಹೇಳುತ್ತಾರೆ.

ಲೆಕ್ಕ ಮತ್ತು 'ಈಗ ಬೇಡ' ಎಂದವರು

ಮೂವತ್ತು ಮಂದಿಗೆ ಕೋಷ್ಟಕ ಕಳಿಸಿದಿರಿ, 9 ಮಂದಿ ಉತ್ತರಿಸಿದರು, 4 ಕಡೆ ಪ್ರಯೋಗ ನಡೆಯಿತು, 2 ಆರ್ಡರ್ ಬಂತು ಎಂದಿಟ್ಟುಕೊಳ್ಳಿ. ಈ ನಾಲ್ಕು ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದಿಡುವುದು ಏಕೆಂದರೆ ಎಲ್ಲಿ ಸೋರುತ್ತಿದೆಯೋ ಅಲ್ಲಿಗೆ ಮಾತ್ರ ಕೈ ಹಾಕಬೇಕು. ಉತ್ತರವೇ ಬರದಿದ್ದರೆ 'ಈಗಲೇ ಏಕೆ' ಎಂಬ ಕಾರಣ ಗಟ್ಟಿಯಿಲ್ಲ. ಉತ್ತರ ಬಂದು ಪ್ರಯೋಗಕ್ಕೆ ಒಪ್ಪದಿದ್ದರೆ ಮೊದಲ ಹೆಜ್ಜೆ ಇನ್ನೂ ಭಾರವಾಗಿದೆ. ಪ್ರಯೋಗ ನಡೆದೂ ಆರ್ಡರ್ ಬಾರದಿದ್ದರೆ ಒಂದೋ ಮಾಲು ಸರಿಯಿಲ್ಲ, ಇಲ್ಲವೇ ತೀರ್ಮಾನಿಸುವವರು ಆ ಕೊಠಡಿಯಲ್ಲಿ ಇರಲಿಲ್ಲ.

ಉಳಿದ 28 ಹೆಸರುಗಳನ್ನು ಅಳಿಸಬೇಡಿ. ಪ್ರತಿ ಹೆಸರಿನ ಮುಂದೆ ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಬರೆದು, ಮತ್ತೆ ಮಾತನಾಡುವ ತಾರೀಕು ಹಾಕಿ. ಆ ದಿನ ಕರೆ ಮಾಡಿದಾಗ 'ನಮ್ಮ ಕೊಟೇಶನ್ ನೋಡಿದಿರಾ' ಎಂದು ಆರಂಭಿಸದೆ, ಅವರು ಬಿಟ್ಟ ಜಾಗದಿಂದಲೇ ಮಾತು ಎತ್ತಿಕೊಳ್ಳಿ: 'ಹಳೆಯ ಪೆಟ್ಟಿಗೆಗಳ ಸ್ಟಾಕ್ ಮುಗಿದ ಮೇಲೆ ನೋಡೋಣ ಎಂದಿದ್ದಿರಿ. ಗೋದಾಮಿನಲ್ಲಿ ಇನ್ನೆಷ್ಟು ಉಳಿದಿವೆ?'